ಒಂದು ಅಗುಳಿನ ಲೆಕ್ಕ

ಅನ್ನ ಬೆಂದಿದೆಯೇ ಎಂದು ತಿಳಿಯಲು ಪಾತ್ರೆಯಲ್ಲಿರುವ ಅಗುಳುಗಳನ್ನೆಲ್ಲ ಹಿಚುಕಿ ನೋಡಬೇಕಾಗಿಲ್ಲ. ಒಂದು ಅಗುಳು ಸಾಕು. ಅಡುಗೆಮನೆಯ ಈ ಲೆಕ್ಕ ಸಾಮಾನ್ಯವಾಗಿ ತಪ್ಪುವುದಿಲ್ಲ. ಏಕೆಂದರೆ ಅಲ್ಲಿ ಅಕ್ಕಿ ಒಂದೇ, ನೀರು ಒಂದೇ, ಉರಿಯೂ ಒಂದೇ. ಗ್ರಹಗಳು ಹೇಗೆ ಹುಟ್ಟುತ್ತವೆ ಎಂಬ ಪ್ರಶ್ನೆಗೆ ಉತ್ತರ ಹುಡುಕಿದ ವಿಜ್ಞಾನಿಗಳೂ ಸುಮಾರು 240 ವರ್ಷಗಳ ಕಾಲ ಇದೇ ಲೆಕ್ಕವನ್ನು ನಂಬಿದ್ದರು. ಅವರ ಕೈಯಲ್ಲಿದ್ದುದು ಒಂದೇ ಅಗುಳು: ನಮ್ಮ ಸೌರವ್ಯೂಹ. ಬೇರೆ ನಕ್ಷತ್ರಗಳಿಗೂ ಗ್ರಹಗಳಿದ್ದರೆ ಅವೂ ಹೀಗೆಯೇ ಇರಬೇಕೆಂದು ಅವರು ತೀರ್ಮಾನಿಸಿದ್ದರು. 1995ರಲ್ಲಿ, ಸೂರ್ಯನಂಥದೇ ಇನ್ನೊಂದು ನಕ್ಷತ್ರದ ಗ್ರಹ ಮೊದಲ ಬಾರಿಗೆ ಪತ್ತೆಯಾದಾಗ, ಆ ತೀರ್ಮಾನ ತಲೆಕೆಳಗಾಯಿತು.

ಇದು ಬರೀ ದೂರದ ಆಕಾಶದ ಸಂಗತಿಯಲ್ಲ. ನಾವು ನಿಂತಿರುವ ಭೂಮಿ ಹೇಗೆ ಹುಟ್ಟಿತು, ಇಂಥ ಭೂಮಿ ಬೇರೆಡೆಯೂ ಹುಟ್ಟುವುದು ಸಹಜವೇ ಅಥವಾ ಅಪರೂಪವೇ ಎಂಬ ಪ್ರಶ್ನೆಗಳಿಗೆ ಸಿಗುವ ಉತ್ತರವೂ ಇದರೊಂದಿಗೆ ಬದಲಾಯಿತು.

ಅಚ್ಚುಕಟ್ಟಾದ ಮನೆ

ಸೌರವ್ಯೂಹ ಅಚ್ಚುಕಟ್ಟಾದ ಸಂಸಾರದಂತೆ ಕಾಣುತ್ತದೆ. ಗ್ರಹಗಳೆಲ್ಲ ಸೂರ್ಯನನ್ನು ಒಂದೇ ದಿಕ್ಕಿನಲ್ಲಿ ಸುತ್ತುತ್ತವೆ. ಅವುಗಳ ಕಕ್ಷೆಗಳು ಹೆಚ್ಚುಕಡಿಮೆ ಒಂದೇ ಸಮತಲದಲ್ಲಿವೆ, ಬಹುಮಟ್ಟಿಗೆ ವೃತ್ತಾಕಾರವಾಗಿವೆ. ಒಳಗಡೆ ಬುಧ, ಶುಕ್ರ, ಭೂಮಿ, ಮಂಗಳ ಎಂಬ ಕಲ್ಲಿನ ಪುಟ್ಟ ಗ್ರಹಗಳು. ಹೊರಗಡೆ ಗುರು, ಶನಿ, ಯುರೇನಸ್, ನೆಪ್ಚೂನ್ ಎಂಬ ದೈತ್ಯರು. ಇಷ್ಟೊಂದು ಶಿಸ್ತು ಆಕಸ್ಮಿಕವಾಗಿರಲಾರದು ಎಂದು ಜರ್ಮನಿಯ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1755ರಲ್ಲಿ ವಾದಿಸಿದ. ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ 1796ರಲ್ಲಿ ಅದೇ ಬಗೆಯ ವಿಚಾರವನ್ನು ಮುಂದಿಟ್ಟ. ಸೂರ್ಯನ ಸುತ್ತ ತಿರುಗುತ್ತಿದ್ದ ಅನಿಲದ ಮೋಡವೊಂದು ಕುಗ್ಗುತ್ತ, ವೇಗ ಹೆಚ್ಚಿಸಿಕೊಳ್ಳುತ್ತ, ತಟ್ಟೆಯಂತೆ ಚಪ್ಪಟೆಯಾಗಿ ಅದರಿಂದ ಗ್ರಹಗಳು ರೂಪುಗೊಂಡವು ಎಂಬುದು ಅದರ ತಿರುಳು. ಇದಕ್ಕೆ ನೀಹಾರಿಕಾ ಸಿದ್ಧಾಂತ ಎಂದು ಹೆಸರಾಯಿತು.

ಈ ಸಿದ್ಧಾಂತದಲ್ಲಿ ಒಂದು ತೊಡಕಿತ್ತು. ಸೌರವ್ಯೂಹದ ಒಟ್ಟು ದ್ರವ್ಯದಲ್ಲಿ ಶೇಕಡ 99ಕ್ಕೂ ಹೆಚ್ಚು ಸೂರ್ಯನಲ್ಲೇ ಇದೆ. ಆದರೆ ತಿರುಗುವಿಕೆಯ ಪಾಲು, ಅಂದರೆ ಕೋನೀಯ ಸಂವೇಗ, ಬಹುತೇಕ ಎಲ್ಲವೂ ಗ್ರಹಗಳ ಬಳಿ ಇದೆ. ಮೋಡ ಕುಗ್ಗಿ ಸೂರ್ಯನಾಗಿದ್ದರೆ ಸೂರ್ಯ ಈಗಿರುವುದಕ್ಕಿಂತ ಎಷ್ಟೋ ಪಟ್ಟು ವೇಗವಾಗಿ ತಿರುಗಬೇಕಿತ್ತು. ಈ ತೊಡಕಿನಿಂದಾಗಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಚೇಂಬರ್ಲಿನ್ ಮತ್ತು ಮೋಲ್ಟನ್, ಬಳಿಕ ಇಂಗ್ಲೆಂಡಿನ ಜೇಮ್ಸ್ ಜೀನ್ಸ್, ಬೇರೆಯೇ ಕಥೆ ಹೇಳಿದರು. ಯಾವುದೋ ನಕ್ಷತ್ರ ಸೂರ್ಯನ ತೀರ ಸಮೀಪ ಹಾದುಹೋಯಿತು. ಅದರ ಸೆಳೆತಕ್ಕೆ ಸಿಕ್ಕಿ ಸೂರ್ಯನಿಂದ ಹೊರಚಿಮ್ಮಿದ ದ್ರವ್ಯವೇ ಗ್ರಹಗಳಾಯಿತು ಎಂದು.

ಈ ಕಥೆ ನಿಜವಾಗಿದ್ದರೆ ಅದರ ಪರಿಣಾಮ ಸಣ್ಣದಲ್ಲ. ನಕ್ಷತ್ರಗಳ ನಡುವಿನ ಅಂತರ ಅಗಾಧವಾದುದು. ಎರಡು ನಕ್ಷತ್ರಗಳು ಅಷ್ಟು ಹತ್ತಿರ ಬರುವುದು ಕೋಟಿಗೊಮ್ಮೆ ನಡೆಯಬಹುದಾದ ಪ್ರಸಂಗ. ಹಾಗಾದರೆ ಗ್ರಹಗಳು ಬ್ರಹ್ಮಾಂಡದಲ್ಲೇ ಅತ್ಯಂತ ವಿರಳ; ಭೂಮಿಯಂತೂ ಹೆಚ್ಚುಕಡಿಮೆ ಒಂಟಿ. ಒಂದು ಪೀಳಿಗೆಯ ವಿದ್ಯಾವಂತರು ಇದನ್ನು ನಂಬಿದ್ದರು. ಸೂರ್ಯನಿಂದ ಚಿಮ್ಮಿದ ಬಿಸಿ ಅನಿಲ ಗಟ್ಟಿಯಾಗಿ ಗ್ರಹವಾಗುವ ಬದಲು ಚದುರಿಹೋಗುತ್ತದೆಂದು ಅಮೆರಿಕದ ಲೈಮನ್ ಸ್ಪಿಟ್ಜರ್ 1939ರಲ್ಲಿ ತೋರಿಸಿದ ಮೇಲೆ ಈ ವಾದ ಸೊರಗಿತು. ಎಳೆಯ ಸೂರ್ಯನ ಕಾಂತಕ್ಷೇತ್ರ ಹಾಗೂ ಅದರಿಂದ ಹೊರಬೀಸುವ ಕಣಗಳ ಗಾಳಿ ಅದರ ತಿರುಗುವಿಕೆಗೆ ಕಡಿವಾಣ ಹಾಕಿದವೆಂದು ಬಳಿಕ ಗೊತ್ತಾಯಿತು. ವಿಜ್ಞಾನಿಗಳು ಮತ್ತೆ ಕಾಂಟ್ ಹೇಳಿದ ತಟ್ಟೆಯ ಕಡೆಗೆ ತಿರುಗಿದರು.

ಆ ಹಳೆಯ ವಿಚಾರಕ್ಕೆ ಲೆಕ್ಕಾಚಾರದ ಬಲ ತಂದವರಲ್ಲಿ ಮುಖ್ಯನಾದವನು ಮಾಸ್ಕೋದ ವಿಕ್ಟರ್ ಸಫ್ರೊನೊವ್. 1969ರಲ್ಲಿ ಪ್ರಕಟವಾದ ಅವನ ಪುಸ್ತಕದ ಪ್ರಕಾರ ತಟ್ಟೆಯಲ್ಲಿನ ಧೂಳು ಮೊದಲು ಕಿಲೋಮೀಟರ್ ಗಾತ್ರದ ಬಂಡೆಗಳಾಗುತ್ತದೆ. ಬಂಡೆಗಳು ಡಿಕ್ಕಿ ಹೊಡೆದು ಒಂದಕ್ಕೊಂದು ಅಂಟಿ ಗ್ರಹಗಳಾಗುತ್ತವೆ. ಮುಂದಿನ ವರ್ಷಗಳಲ್ಲಿ ಜಪಾನಿನ ಕ್ಯೋಟೊ ಹಾಗೂ ಅಮೆರಿಕದ ವಿಜ್ಞಾನಿಗಳು ಇದನ್ನು ಬೆಳೆಸಿದರು. ಸೂರ್ಯನಿಂದ ಒಂದಷ್ಟು ದೂರದಾಚೆ, ಈಗಿನ ಮಂಗಳ ಮತ್ತು ಗುರುವಿನ ಕಕ್ಷೆಗಳ ನಡುವೆ, ನೀರು ಹಿಮವಾಗಿ ನಿಲ್ಲುವಷ್ಟು ಚಳಿಯಿತ್ತು. ಈ ಹಿಮರೇಖೆಯ ಒಳಗೆ ಕಲ್ಲು ಮತ್ತು ಲೋಹ ಮಾತ್ರ ಗಟ್ಟಿಯಾಗಿದ್ದುದರಿಂದ ಪುಟ್ಟ ಗ್ರಹಗಳಾದವು. ಹೊರಗೆ ಹಿಮವೂ ಸೇರಿ ಭೂಮಿಯ ಹತ್ತು ಪಟ್ಟು ತೂಕದ ತಿರುಳುಗಳು ಬೆಳೆದವು. ಅಷ್ಟು ಭಾರವಾದ ಮೇಲೆ ಅವು ಸುತ್ತಲಿನ ಅನಿಲವನ್ನೆಲ್ಲ ಸೆಳೆದುಕೊಂಡು ಗುರು, ಶನಿಯಂಥ ದೈತ್ಯರಾದವು. ಎಲ್ಲವೂ ಕೆಲವು ದಶಲಕ್ಷ ವರ್ಷಗಳೊಳಗೆ ನಡೆಯಬೇಕು. ಆಮೇಲೆ ತಟ್ಟೆಯಲ್ಲಿ ಅನಿಲ ಉಳಿಯುವುದಿಲ್ಲ.

ಕಲ್ಲು ಒಳಗೆ, ಅನಿಲ ಹೊರಗೆ. ಸೌರವ್ಯೂಹದ ಚಿತ್ರ ಸಿದ್ಧಾಂತಕ್ಕೆ ಕರಾರುವಾಕ್ಕಾಗಿ ಹೊಂದುತ್ತಿತ್ತು. ಹೊಂದದೆ ಏನು? ಆ ಚಿತ್ರವನ್ನು ಮುಂದಿಟ್ಟುಕೊಂಡೇ ಸಿದ್ಧಾಂತವನ್ನು ಹೆಣೆಯಲಾಗಿತ್ತು.

ಮದ್ರಾಸಿನಿಂದ ಹೊರಟ ಹುಡುಕಾಟ

ಬೇರೆ ನಕ್ಷತ್ರಗಳ ಗ್ರಹಗಳನ್ನು ನೇರವಾಗಿ ನೋಡುವುದು ಬಹಳ ಕಷ್ಟ. ನಕ್ಷತ್ರದ ಪ್ರಖರ ಬೆಳಕಿನಲ್ಲಿ ಅವು ಮುಳುಗಿಹೋಗುತ್ತವೆ. ಆದರೆ ಅವುಗಳ ಇರುವಿಕೆಯನ್ನು ನಕ್ಷತ್ರದ ಚಲನೆಯಿಂದ ಊಹಿಸಬಹುದು. ಮಗುವಿನ ಕೈಹಿಡಿದು ಗಿರಗಿರನೆ ಸುತ್ತಿಸುವ ದೊಡ್ಡವರು ತಾವೂ ನಿಂತಲ್ಲೇ ತುಸು ತೂಗಾಡುವಂತೆ, ಗ್ರಹ ಸುತ್ತುವಾಗ ನಕ್ಷತ್ರವೂ ಕೊಂಚ ತೂಗಾಡುತ್ತದೆ.

ಇಂಥ ತೂಗಾಟವನ್ನು ಕಂಡೆನೆಂದು ಬಹಳ ಹಿಂದೆಯೇ ಹೇಳಿದವರಲ್ಲಿ ಒಬ್ಬ ದಕ್ಷಿಣ ಭಾರತದಲ್ಲಿದ್ದ. ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ವೀಕ್ಷಣಾಲಯದ ಮುಖ್ಯಸ್ಥ ಕ್ಯಾಪ್ಟನ್ ವಿಲಿಯಂ ಸ್ಟೀಫನ್ ಜೇಕಬ್ 1855ರಲ್ಲಿ 70 ಒಫಿಯೂಕಿ ಎಂಬ ಜೋಡಿ ನಕ್ಷತ್ರಗಳ ಚಲನೆಯಲ್ಲಿ ಲೆಕ್ಕಕ್ಕೆ ಸಿಗದ ವ್ಯತ್ಯಾಸವಿದೆಯೆಂದೂ, ಅಲ್ಲೊಂದು ಗ್ರಹವಿರುವ ಸಂಭವ ಹೆಚ್ಚೆಂದೂ ಬರೆದ. ಅಮೆರಿಕದ ಖಗೋಳಜ್ಞ ಟಿ.ಜೆ.ಜೆ. ಸೀ ಅದೇ ಶತಮಾನದ ಕೊನೆಯಲ್ಲಿ ಇದನ್ನೇ ಇನ್ನೂ ಗಟ್ಟಿದನಿಯಲ್ಲಿ ಹೇಳಿದ. ಅಂಥ ಕಾಯವಿದ್ದರೆ ಅದರ ಕಕ್ಷೆ ಸ್ಥಿರವಾಗಿ ನಿಲ್ಲಲಾರದೆಂದು 1899ರಲ್ಲಿ ತೋರಿಸಿದವನು ಮೇಲೆ ಹೇಳಿದ ಮೋಲ್ಟನ್ನನೇ. ಜೇಕಬ್ ಹೇಳಿದ ಗ್ರಹ ಇಲ್ಲವಾಯಿತು. ಆದರೆ ಆ ವೀಕ್ಷಣಾಲಯದ ಪರಂಪರೆ ನಿಲ್ಲಲಿಲ್ಲ. ಅದು ಕೊಡೈಕನಾಲಿಗೆ ಸಾಗಿ, ಇಂದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯಾಗಿ ಮುಂದುವರಿದಿದೆ.

ಜೇಕಬ್‌ನಂತೆ ಸೋತವರು ಇನ್ನೂ ಇದ್ದರು. ಸೂರ್ಯನಿಂದ ಕೇವಲ 6 ಜ್ಯೋತಿರ್ವರ್ಷ ದೂರದಲ್ಲಿರುವ ಬರ್ನಾರ್ಡ್ ನಕ್ಷತ್ರಕ್ಕೆ ಗುರುವಿಗಿಂತ ದೊಡ್ಡ ಗ್ರಹವಿದೆಯೆಂದು ಅಮೆರಿಕದ ಸ್ಪ್ರೌಲ್ ವೀಕ್ಷಣಾಲಯದ ಪೀಟರ್ ವಾನ್ ಡಿ ಕ್ಯಾಂಪ್ 1963ರಲ್ಲಿ ಪ್ರಕಟಿಸಿದ. ಹತ್ತು ವರ್ಷ ಪಠ್ಯಪುಸ್ತಕಗಳು ಅದನ್ನು ನಂಬಿದವು. 1973ರಲ್ಲಿ ಬೇರೆ ಖಗೋಳಜ್ಞರಿಗೆ ಆ ತೂಗಾಟ ಕಾಣಲಿಲ್ಲ. ದೂರದರ್ಶಕದ ಮಸೂರವನ್ನು ಬಿಚ್ಚಿ ಸರಿಪಡಿಸಿದಾಗಲೆಲ್ಲ ಚಿತ್ರಗಳಲ್ಲಿ ನಕ್ಷತ್ರಗಳು ಜರುಗಿದಂತೆ ಕಂಡಿದ್ದವು. ತೂಗಾಡಿದ್ದು ನಕ್ಷತ್ರವಲ್ಲ, ಉಪಕರಣ.

ಈ ನಡುವೆ ಬೇರೊಂದು ದಾರಿಯನ್ನು ಒಬ್ಬರು ತೋರಿಸಿದ್ದರು. ನಿಲ್ದಾಣ ದಾಟಿಹೋಗುವ ರೈಲಿನ ಸಿಳ್ಳೆ ಹತ್ತಿರ ಬರುವಾಗ ಏರುದನಿಯಾಗಿ, ದೂರ ಸರಿಯುವಾಗ ಇಳಿದನಿಯಾಗಿ ಕೇಳುತ್ತದೆ. ಬೆಳಕಿಗೂ ಈ ಗುಣವಿದೆ. ನಮ್ಮತ್ತ ಬರುವ ನಕ್ಷತ್ರದ ರೋಹಿತದ ಗೆರೆಗಳು ನೀಲಿಯ ಕಡೆಗೂ, ದೂರ ಸರಿಯುವಾಗ ಕೆಂಪಿನ ಕಡೆಗೂ ಸರಿಯುತ್ತವೆ. 1952ರಲ್ಲಿ ರಷ್ಯ ಮೂಲದ ಅಮೆರಿಕನ್ ಖಗೋಳಜ್ಞ ಒಟ್ಟೊ ಸ್ಟ್ರೂವ್ ಒಂದು ಪುಟ್ಟ ಲೇಖನ ಬರೆದ. ಗುರುವಿನಷ್ಟು ದೊಡ್ಡ ಗ್ರಹ ತನ್ನ ನಕ್ಷತ್ರಕ್ಕೆ ತೀರ ಸಮೀಪದಲ್ಲಿದ್ದು, ಒಂದೇ ದಿನದಲ್ಲಿ ಅದನ್ನು ಸುತ್ತಿದರೆ ತಪ್ಪೇನು ಎಂಬುದು ಅವನ ಪ್ರಶ್ನೆ. ಹಾಗಿದ್ದರೆ ನಕ್ಷತ್ರ ಸೆಕೆಂಡಿಗೆ ಸುಮಾರು 200 ಮೀಟರ್ ವೇಗದಲ್ಲಿ ಹಿಂದೆಮುಂದೆ ಆಡುತ್ತದೆ. ಅದನ್ನು ಅಂದಿನ ಉಪಕರಣಗಳಿಂದಲೇ ಹಿಡಿಯುವ ಸಾಧ್ಯತೆ ಇದೆ ಎಂದು ಅವನು ಲೆಕ್ಕ ಹಾಕಿ ತೋರಿಸಿದ. ಗ್ರಹ ಅಡ್ಡ ಬಂದಾಗ ನಕ್ಷತ್ರದ ಬೆಳಕು ಕೊಂಚ ಮಂಕಾಗುವುದನ್ನೂ ಗಮನಿಸಬಹುದೆಂದು ಸೇರಿಸಿದ.

ಸ್ಟ್ರೂವ್‌ನ ಮಾತನ್ನು ಹೆಚ್ಚು ಜನ ಕಿವಿಗೆ ಹಾಕಿಕೊಳ್ಳಲಿಲ್ಲ. ನಕ್ಷತ್ರದ ಬೆಂಕಿಯ ಪಕ್ಕದಲ್ಲಿ ಹಿಮವಿಲ್ಲ, ಸಾಕಷ್ಟು ದ್ರವ್ಯವಿಲ್ಲ. ಅಲ್ಲಿ ಗುರು ಹುಟ್ಟಲಾರದು ಎಂದು ಸಿದ್ಧಾಂತ ಹೇಳುತ್ತಿತ್ತು. ಗುರು ಸೂರ್ಯನನ್ನು ಸುತ್ತಲು 12 ವರ್ಷ ಬೇಕು. ಅದರಿಂದ ಸೂರ್ಯನಿಗೆ ಬರುವ ವೇಗ ಸೆಕೆಂಡಿಗೆ 12ರಿಂದ 13 ಮೀಟರ್. ಆದ್ದರಿಂದ ಗ್ರಹ ಹುಡುಕುವವರು ಹತ್ತಾರು ವರ್ಷ ಕಾಯುವ ಸಿದ್ಧತೆಯಲ್ಲಿ ಕುಳಿತರು. ಕೆನಡಾದ ಗಾರ್ಡನ್ ವಾಕರ್ ಮತ್ತು ಬ್ರೂಸ್ ಕ್ಯಾಂಪ್‌ಬೆಲ್ ತಂಡ 21 ನಕ್ಷತ್ರಗಳನ್ನು 12 ವರ್ಷ ಕಾದು ನೋಡಿ, ಗುರುವಿನಂಥ ಗ್ರಹ ಸಿಗಲಿಲ್ಲವೆಂದು 1995ರಲ್ಲಿ ವರದಿ ಮಾಡಿತು.

ನಾಲ್ಕು ದಿನದ ವರ್ಷ

ಮೊದಲ ಖಚಿತ ಗ್ರಹಗಳು ಯಾರೂ ನಿರೀಕ್ಷಿಸದ ಸ್ಥಳದಲ್ಲಿ ಸಿಕ್ಕಿದವು. ಸ್ಫೋಟಗೊಂಡ ನಕ್ಷತ್ರದ ಅವಶೇಷವಾದ ಪಲ್ಸಾರ್, ಗಡಿಯಾರದಂತೆ ಕರಾರುವಾಕ್ಕಾಗಿ ರೇಡಿಯೊ ಮಿಡಿತಗಳನ್ನು ಕಳಿಸುತ್ತದೆ. ಒಂದು ಪಲ್ಸಾರ್‌ಗೆ ಗ್ರಹವಿದೆಯೆಂದು ಬ್ರಿಟನ್ನಿನ ಆಂಡ್ರ್ಯೂ ಲೈನ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದರು. ಆಮೇಲೆ ತಪ್ಪು ತಿಳಿಯಿತು. ಭೂಮಿಯದೇ ಚಲನೆಯನ್ನು ಲೆಕ್ಕದಿಂದ ಸರಿಯಾಗಿ ಕಳೆದಿರಲಿಲ್ಲ. 1992ರ ಜನವರಿಯಲ್ಲಿ ಅಟ್ಲಾಂಟಾದಲ್ಲಿ ಸೇರಿದ ಖಗೋಳಜ್ಞರ ಸಭೆಯ ಮುಂದೆ ಲೈನ್ ನಿಂತು ತಪ್ಪನ್ನು ಒಪ್ಪಿಕೊಂಡಾಗ ಸಭೆ ದೀರ್ಘವಾಗಿ ಚಪ್ಪಾಳೆ ತಟ್ಟಿತು. ಅದೇ ಸಭೆಯಲ್ಲಿ ಪೋಲೆಂಡ್ ಮೂಲದ ಅಲೆಕ್ಸಾಂಡರ್ ವೋಲ್ಷ್‌ಚಾನ್, ತಾನು ಮತ್ತು ಡೇಲ್ ಫ್ರೇಲ್ ಇನ್ನೊಂದು ಪಲ್ಸಾರ್ ಸುತ್ತ ಕಂಡ ಎರಡು ಗ್ರಹಗಳ ವಿವರ ಕೊಟ್ಟ. ಆ ಗ್ರಹಗಳು ನಿಜವಾಗಿದ್ದವು. ಸತ್ತ ನಕ್ಷತ್ರದ ಸುತ್ತಲೂ ಗ್ರಹಗಳಿರಬಲ್ಲವು ಎಂಬುದು ಮೊದಲ ಪಾಠ.

ಎರಡನೆಯ ಪಾಠ ಇನ್ನೂ ದೊಡ್ಡದು. ದಕ್ಷಿಣ ಫ್ರಾನ್ಸಿನ ಹೋಟ್ ಪ್ರೊವಾನ್ಸ್ ವೀಕ್ಷಣಾಲಯದಲ್ಲಿ ಸ್ವಿಟ್ಜರ್ಲೆಂಡಿನ ಮಿಷೆಲ್ ಮೇಯರ್ ಮತ್ತು ಅವನ ವಿದ್ಯಾರ್ಥಿ ದಿದಿಯೆ ಕೆಲೊ 51 ಪೆಗಾಸಿ ಎಂಬ ನಕ್ಷತ್ರವನ್ನು ಗಮನಿಸುತ್ತಿದ್ದರು. ಪಂಚಾಂಗದ ಪೂರ್ವಾಭಾದ್ರ ನಕ್ಷತ್ರದ ಎರಡು ತಾರೆಗಳ ನಡುವಣ ರೇಖೆಯ ಪಕ್ಕದಲ್ಲೇ, ಕತ್ತಲ ಆಕಾಶದಲ್ಲಿ ಬರಿಗಣ್ಣಿಗೆ ಕಂಡೂ ಕಾಣದಂತಿರುವ ನಕ್ಷತ್ರ ಅದು. ದೂರ ಸುಮಾರು 50 ಜ್ಯೋತಿರ್ವರ್ಷ. ಅದು ಸೆಕೆಂಡಿಗೆ ಸುಮಾರು 60 ಮೀಟರ್ ವೇಗದಲ್ಲಿ, 4.2 ದಿನಕ್ಕೊಮ್ಮೆ, ಹಿಂದೆಮುಂದೆ ಆಡುತ್ತಿತ್ತು. ಅಂದರೆ ಗುರುವಿನ ಅರ್ಧದಷ್ಟಾದರೂ ತೂಗುವ ಗ್ರಹವೊಂದು, ಬುಧ ಸೂರ್ಯನಿಗಿರುವ ದೂರದ ಏಳನೆಯ ಒಂದು ಪಾಲಿನಷ್ಟು ಸಮೀಪದಲ್ಲಿ ಸುತ್ತುತ್ತಿತ್ತು. ಅಲ್ಲಿ ಒಂದು ವರ್ಷವೆಂದರೆ ನಾಲ್ಕು ದಿನ ಚಿಲ್ಲರೆ.

1995ರ ಅಕ್ಟೋಬರ್ 6ರಂದು ಇಟಲಿಯ ಫ್ಲಾರೆನ್ಸ್‌ನಲ್ಲಿ ಇದನ್ನು ಪ್ರಕಟಿಸಲಾಯಿತು. ಕೆಲವೇ ದಿನಗಳಲ್ಲಿ ಅಮೆರಿಕದ ಜೆಫ್ರಿ ಮಾರ್ಸಿ ಮತ್ತು ಪಾಲ್ ಬಟ್ಲರ್ ತಮ್ಮ ಉಪಕರಣದಿಂದ ಅದನ್ನು ದೃಢಪಡಿಸಿದರು. ಅವರ ಬಳಿ ಬೇರೆ ನಕ್ಷತ್ರಗಳ ಹಲವು ವರ್ಷಗಳ ದಾಖಲೆಗಳು ರಾಶಿ ಬಿದ್ದಿದ್ದವು. ಅವಸರವಿಲ್ಲವೆಂದುಕೊಂಡು ಹೆಚ್ಚಿನವನ್ನು ಪರಿಶೀಲಿಸಿರಲೇ ಇಲ್ಲ. ಈಗ ನೋಡಿದರೆ, 1996ರ ಜನವರಿಯ ಹೊತ್ತಿಗೆ ಅದೇ ರಾಶಿಯಲ್ಲಿ ಎರಡು ಗ್ರಹಗಳು ಸಿಕ್ಕಿದವು. ಮೇಯರ್ ಮತ್ತು ಕೆಲೊ ಅವರಿಗೆ 2019ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಸ್ಟ್ರೂವ್‌ನ ಲೇಖನದಿಂದ ಈ ಶೋಧದವರೆಗೆ 43 ವರ್ಷಗಳು ಕಳೆದಿದ್ದವು. ಉಪಕರಣಗಳು ಅಷ್ಟು ಸೂಕ್ಷ್ಮವಾಗಿರಲಿಲ್ಲ ಎಂಬುದು ಇದಕ್ಕೆ ಒಂದು ಕಾರಣ. ಎಲ್ಲಿ ಹುಡುಕಬೇಕಾಗಿಲ್ಲ ಎಂಬುದು ಮೊದಲೇ ತಿಳಿದಿದೆ ಎಂಬ ವಿಶ್ವಾಸ ಇನ್ನೊಂದು ಕಾರಣ.

ವಲಸೆ ಹೋಗುವ ಗ್ರಹಗಳು

ನಕ್ಷತ್ರದ ಮಗ್ಗುಲಲ್ಲಿ ಹುಟ್ಟಲಾರದ ಗ್ರಹ ಅಲ್ಲಿಗೆ ಬಂದದ್ದಾದರೂ ಹೇಗೆ? ಉತ್ತರ ಬಹುಮಟ್ಟಿಗೆ ಆ ಪ್ರಶ್ನೆಯಲ್ಲೇ ಇದೆ: ಹುಟ್ಟಿದ್ದು ದೂರದಲ್ಲಿ, ಬಂದದ್ದು ಆಮೇಲೆ. ಹೊಸ ಗ್ರಹ ಮತ್ತು ಅದರ ಸುತ್ತಲಿನ ಅನಿಲದ ತಟ್ಟೆ ಪರಸ್ಪರ ಸೆಳೆಯುವುದರಿಂದ ಗ್ರಹ ತನ್ನ ಜಾಗ ಬಿಟ್ಟು ಸರಿಯಬಲ್ಲದೆಂದು ಪೀಟರ್ ಗೋಲ್ಡ್‌ರೈಕ್ ಮತ್ತು ಸ್ಕಾಟ್ ಟ್ರಿಮೇನ್ 1980ರಲ್ಲೇ ಲೆಕ್ಕ ಮಾಡಿದ್ದರು. ಸೌರವ್ಯೂಹದಲ್ಲಿ ಗ್ರಹಗಳು ಹುಟ್ಟಿದಲ್ಲೇ ಉಳಿದಂತೆ ಕಾಣುತ್ತಿದ್ದುದರಿಂದ ಆ ಲೆಕ್ಕಕ್ಕೆ ಹೆಚ್ಚಿನ ಬೆಲೆ ಸಿಕ್ಕಿರಲಿಲ್ಲ. 51 ಪೆಗಾಸಿಯ ಬಳಿಕ ವಲಸೆ ಎಂಬುದು ಗ್ರಹಗಳ ಜನ್ಮಕಥೆಯ ಮುಖ್ಯ ಅಧ್ಯಾಯವಾಯಿತು.

ಅನಂತರ ಬಂದ ಶೋಧಗಳು ಅಚ್ಚುಕಟ್ಟಾದ ಮನೆಯ ಒಂದೊಂದು ನಿಯಮವನ್ನೂ ಮುರಿದವು. ಎಚ್‌ಡಿ 80606 ಎಂಬ ನಕ್ಷತ್ರದ ಗ್ರಹ 111 ದಿನಕ್ಕೊಮ್ಮೆ ಸುತ್ತುತ್ತದೆ. ಅದರ ಕಕ್ಷೆ ಎಷ್ಟು ನೀಳವೆಂದರೆ, ಒಂದು ತುದಿಯಲ್ಲಿ ಸೂರ್ಯನಿಂದ ಭೂಮಿಗಿರುವಷ್ಟೇ ದೂರದ ಹತ್ತಿರಕ್ಕೆ ಹೋಗಿ, ಇನ್ನೊಂದು ತುದಿಯಲ್ಲಿ ಆ ದೂರದ ಮೂವತ್ತನೆಯ ಒಂದು ಪಾಲಿಗೆ ಬರುತ್ತದೆ. 2009ರಲ್ಲಿ ತಮ್ಮ ನಕ್ಷತ್ರ ತಿರುಗುವ ದಿಕ್ಕಿಗೆ ಎದುರಾಗಿ ಸುತ್ತುವ ಗ್ರಹಗಳೂ ಕಂಡವು. ಶಾಂತವಾದ ತಟ್ಟೆಯಲ್ಲಿ ಹುಟ್ಟಿದ ಗ್ರಹಗಳು ಹೀಗಿರಲು ಕಾರಣ ಬೇಕು. ಒಟ್ಟಿಗೆ ಹುಟ್ಟಿದ ದೈತ್ಯಗ್ರಹಗಳು ಒಂದನ್ನೊಂದು ಎಳೆದಾಡಿ, ಕೆಲವನ್ನು ಹೊರಗಟ್ಟಿ, ಉಳಿದವು ಓರೆಯಾದ ಕಕ್ಷೆಗಳಲ್ಲಿ ನೆಲೆಸಿದವು ಎಂಬುದು ಒಂದು ವಿವರಣೆ. ದೂರದ ಜೊತೆ ನಕ್ಷತ್ರದ ಸೆಳೆತವೂ ಕಾರಣವಾಗಬಹುದು.

ಇಷ್ಟರ ಮೇಲೂ ಬಿಸಿ ಗುರುಗಳು ಅಪರೂಪವೇ. ಸೂರ್ಯನಂಥ ನೂರು ನಕ್ಷತ್ರಗಳಲ್ಲಿ ಒಂದರ ಬಳಿ ಅಂಥದು ಇದ್ದೀತು. ಕೆನಡಾದ ತಂಡ ನೋಡಿದ 21ರಲ್ಲಿ ಒಂದೂ ಸಿಗದಿದ್ದುದರಲ್ಲಿ ಆಶ್ಚರ್ಯವಿಲ್ಲ. ಅವು ದೊಡ್ಡವು ಮತ್ತು ಸಮೀಪದವು ಆದ್ದರಿಂದ ಮೊದಲು ಕಣ್ಣಿಗೆ ಬಿದ್ದವು. ಮೀನುಗಾರನ ಬಲೆಯ ಕಣ್ಣು ದೊಡ್ಡದಿದ್ದರೆ ದೊಡ್ಡ ಮೀನೇ ಸಿಗುತ್ತದೆ. ಬಲೆಯ ಕಣ್ಣನ್ನು ಚಿಕ್ಕದು ಮಾಡಿದ್ದು 2009ರಲ್ಲಿ ಅಮೆರಿಕ ಹಾರಿಸಿದ ಕೆಪ್ಲರ್ ದೂರದರ್ಶಕ. ಸ್ಟ್ರೂವ್ ಸೂಚಿಸಿದ್ದ ಮಂಕಾಗುವಿಕೆಯನ್ನೇ ಅದು ಸುಮಾರು ಒಂದೂವರೆ ಲಕ್ಷ ನಕ್ಷತ್ರಗಳಲ್ಲಿ ನಾಲ್ಕು ವರ್ಷ ಬಿಡದೆ ಗಮನಿಸಿತು. 2018ರಲ್ಲಿ ಕೆಲಸ ನಿಲ್ಲಿಸುವ ವೇಳೆಗೆ 2600ಕ್ಕೂ ಹೆಚ್ಚು ಗ್ರಹಗಳು ಅದರ ಲೆಕ್ಕಕ್ಕೆ ಸೇರಿದ್ದವು.

ಕೆಪ್ಲರ್ ಕೊಟ್ಟ ಅಚ್ಚರಿ ಬೇರೆಯದು. ಸಾಮಾನ್ಯವಾಗಿ ಕಾಣುವ ಗ್ರಹಗಳ ಗಾತ್ರ ಭೂಮಿಗಿಂತ ದೊಡ್ಡದು, ನೆಪ್ಚೂನ್‌ಗಿಂತ ಚಿಕ್ಕದು. ಸೂರ್ಯನಂಥ ನಕ್ಷತ್ರಗಳಲ್ಲಿ ಸುಮಾರು ಮೂರರಲ್ಲೊಂದು ಪಾಲಿಗೆ, ಬಹುಶಃ ಅದಕ್ಕೂ ಹೆಚ್ಚಿನದಕ್ಕೆ, ಇಂಥ ಗ್ರಹ ಬಳಿಯಲ್ಲೇ ಇದೆ. ಸೌರವ್ಯೂಹದಲ್ಲಿ ಈ ಗಾತ್ರದ ಗ್ರಹ ಒಂದೂ ಇಲ್ಲ. ಲೋಕದಲ್ಲಿ ಅತಿ ಸಾಮಾನ್ಯವಾದ ಪದಾರ್ಥವೇ ನಮ್ಮ ಮನೆಯಲ್ಲಿ ಇಲ್ಲ ಎಂದಂತಾಯಿತು. ಸುಮಾರು 40 ಜ್ಯೋತಿರ್ವರ್ಷ ದೂರದ ಟ್ರಾಪಿಸ್ಟ್-1 ಎಂಬ ಪುಟ್ಟ ಕೆಂಪು ನಕ್ಷತ್ರಕ್ಕೆ ಭೂಮಿಯ ಆಸುಪಾಸಿನ ಗಾತ್ರದ ಏಳು ಗ್ರಹಗಳಿವೆಯೆಂದು 2017ರಲ್ಲಿ ಪ್ರಕಟವಾಯಿತು. ಒಂದೂವರೆ ದಿನದಿಂದ 19 ದಿನಗಳವರೆಗಿನ ಅವುಗಳ ಸುತ್ತುಗಳು ತಾಳ ತಪ್ಪದ ಹೆಜ್ಜೆಗಳಂತೆ ಒಂದಕ್ಕೊಂದು ಹೊಂದಿಕೊಂಡಿವೆ. ಏಳೂ ಒಟ್ಟೊಟ್ಟಿಗೆ ಮೆಲ್ಲನೆ ಒಳಗೆ ಸರಿದು ಬಂದುದರ ಗುರುತು ಅದೆಂದು ವಿಜ್ಞಾನಿಗಳು ಭಾವಿಸುತ್ತಾರೆ.

ಉಳಿದದ್ದು, ಅಳಿದದ್ದು

ಹಾಗಾದರೆ ಹಳೆಯದೆಲ್ಲ ಸುಳ್ಳಾಯಿತೇ? ಇಲ್ಲ. ಕಾಂಟ್ ಮನಸ್ಸಿನಲ್ಲಿ ಕಂಡ ತಟ್ಟೆಯನ್ನು ಇಂದು ಚಿತ್ರದಲ್ಲಿ ನೋಡಬಹುದು. ಚಿಲಿ ದೇಶದ ಅಲ್ಮಾ ರೇಡಿಯೊ ದೂರದರ್ಶಕ 2014ರಲ್ಲಿ ಎಚ್‌ಎಲ್ ಟೌರಿ ಎಂಬ ಎಳೆಯ ನಕ್ಷತ್ರದ ಸುತ್ತಲಿನ ಧೂಳಿನ ತಟ್ಟೆಯಲ್ಲಿ ಉಂಗುರದಂಥ ಕಪ್ಪು ಓಣಿಗಳನ್ನು ತೋರಿಸಿತು. ಹುಟ್ಟುತ್ತಿರುವ ಗ್ರಹಗಳು ಗುಡಿಸಿದ ಓಣಿಗಳಿರಬೇಕು ಅವು. ನಕ್ಷತ್ರದ ವಯಸ್ಸು ಹತ್ತು ಲಕ್ಷ ವರ್ಷಗಳ ಆಸುಪಾಸು. ಗ್ರಹಗಳು ಹಿಂದೆ ಊಹಿಸಿದ್ದಕ್ಕಿಂತ ಬೇಗ ಹುಟ್ಟತೊಡಗುತ್ತವೆಂದು ಇದರಿಂದ ತಿಳಿಯುತ್ತದೆ. 2018ರಲ್ಲಿ ಪಿಡಿಎಸ್ 70 ಎಂಬ ನಕ್ಷತ್ರದ ತಟ್ಟೆಯ ಖಾಲಿ ಜಾಗದಲ್ಲಿ ಬೆಳೆಯುತ್ತಿರುವ ಗ್ರಹವೇ ಕಾಣಿಸಿತು. ಸಫ್ರೊನೊವ್ ಪರಂಪರೆಯ ತಿರುಳಿನ ಲೆಕ್ಕಕ್ಕೂ ಆಧಾರ ಸಿಕ್ಕಿದೆ. ಕಬ್ಬಿಣದಂಥ ಭಾರವಾದ ಮೂಲವಸ್ತುಗಳು ಹೆಚ್ಚಿರುವ ನಕ್ಷತ್ರಗಳಿಗೆ ದೈತ್ಯಗ್ರಹಗಳೂ ಹೆಚ್ಚು. ಘನಪದಾರ್ಥ ಸಮೃದ್ಧವಾಗಿದ್ದರೆ ತಿರುಳು ಬೇಗ ಬೆಳೆಯುತ್ತದೆ ಎಂಬ ಮಾತಿಗೆ ಇದು ಹೊಂದುತ್ತದೆ.

ಅಳಿದದ್ದು ಬೇರೆ: ಗ್ರಹಗಳು ಹುಟ್ಟಿದಲ್ಲೇ ಇರುತ್ತವೆ ಎಂಬ ನಂಬಿಕೆ, ನಮ್ಮ ಮನೆಯ ಶಿಸ್ತೇ ಊರಿನ ನಿಯಮ ಎಂಬ ನಂಬಿಕೆ. ಅದು ಅಳಿದ ಮೇಲೆ ನಮ್ಮ ಮನೆಯನ್ನೇ ಹೊಸ ಕಣ್ಣಿನಿಂದ ನೋಡಬೇಕಾಯಿತು. ಮಂಗಳ ಏಕೆ ಭೂಮಿಯ ಹತ್ತನೆಯ ಒಂದು ಪಾಲಿನಷ್ಟು ಮಾತ್ರ ತೂಗುತ್ತದೆ? ಗುರು ಆರಂಭದಲ್ಲಿ ಸೂರ್ಯನತ್ತ ಸರಿದು, ಈಗಿನ ಮಂಗಳದ ಕಕ್ಷೆಯವರೆಗೆ ಬಂದು, ಹಿಂದಿನಿಂದ ಬಂದ ಶನಿಯ ಸೆಳೆತಕ್ಕೆ ಸಿಕ್ಕಿ ಮರಳಿ ಹೊರಟಿತೆಂದೂ, ಹೋಗುವಾಗ ಮಂಗಳಕ್ಕೆ ಸಿಗಬೇಕಿದ್ದ ದ್ರವ್ಯವನ್ನು ಚದುರಿಸಿತೆಂದೂ 2011ರಲ್ಲಿ ಒಂದು ವಿವರಣೆ ಬಂತು. ಇದು ಇನ್ನೂ ಊಹೆಯೇ. ಆದರೆ ಶನಿ ಇಲ್ಲದಿದ್ದರೆ ಗುರು ಇನ್ನಷ್ಟು ಒಳಗೆ ಬಂದು ಭೂಮಿ ಹುಟ್ಟಲು ಎಡೆಯೇ ಇಲ್ಲದಂತೆ ಮಾಡಬಹುದಿತ್ತು ಎಂಬ ಮಾತನ್ನು ಇಂದು ಯಾರೂ ನಗೆಯಾಡುವುದಿಲ್ಲ. ಗುರುವಿನಂಥ ಗ್ರಹ ಗುರುವಿರುವಷ್ಟೇ ದೂರದಲ್ಲಿ ಉಳಿದಿರುವುದು ಹತ್ತರಲ್ಲಿ ಒಂದು ನಕ್ಷತ್ರದ ಬಳಿ ಎಂಬುದು ಸದ್ಯದ ಸ್ಥೂಲ ಅಂದಾಜು.

2025ರ ಸೆಪ್ಟೆಂಬರ್ ಹೊತ್ತಿಗೆ ದೃಢಪಟ್ಟ ಅನ್ಯಗ್ರಹಗಳ ಸಂಖ್ಯೆ 6000 ದಾಟಿತು. ಕೈಯಲ್ಲಿ ಈಗ ಸಾವಿರಾರು ಅಗುಳುಗಳಿವೆ. ಆದರೂ ಎಚ್ಚರ ಬೇಕು; ಇವೆಲ್ಲ ಪಾತ್ರೆಯ ಮೇಲ್ಭಾಗದಲ್ಲಿ ಸುಲಭವಾಗಿ ಸಿಕ್ಕ ಅಗುಳುಗಳು. ಭೂಮಿಯ ಸೆಳೆತಕ್ಕೆ ಸೂರ್ಯ ತೂಗುವುದು ಸೆಕೆಂಡಿಗೆ 9 ಸೆಂಟಿಮೀಟರ್ ಮಾತ್ರ. ಸೂರ್ಯನಂಥ ನಕ್ಷತ್ರವನ್ನು ವರ್ಷಕ್ಕೊಮ್ಮೆ ಸುತ್ತುವ ಭೂಮಿಯಂಥ ಗ್ರಹವನ್ನು ಹಿಡಿಯುವಷ್ಟು ಬಲೆ ಇನ್ನೂ ಸೂಕ್ಷ್ಮವಾಗಿಲ್ಲ. ಆದ್ದರಿಂದ ಭೂಮಿ ಅಪರೂಪವೆಂದು ಹೇಳುವುದೂ, ಸಾಮಾನ್ಯವೆಂದು ಹೇಳುವುದೂ ಅವಸರದ ಮಾತೇ.

ವಾನ್ ಡಿ ಕ್ಯಾಂಪ್ 1995ರ ಮೇ ತಿಂಗಳಲ್ಲಿ, ಫ್ಲಾರೆನ್ಸಿನ ಘೋಷಣೆಗೆ ಐದು ತಿಂಗಳ ಮುಂಚೆ, ತೀರಿಕೊಂಡ. ಬರ್ನಾರ್ಡ್ ನಕ್ಷತ್ರಕ್ಕೆ ಗ್ರಹಗಳಿವೆಯೆಂದು ಅವನು ಕಡೆಯವರೆಗೂ ನಂಬಿದ್ದ. 2024 ಮತ್ತು 2025ರಲ್ಲಿ ಅದೇ ನಕ್ಷತ್ರದ ಸುತ್ತ ನಾಲ್ಕು ಗ್ರಹಗಳು ಖಚಿತವಾಗಿ ಪತ್ತೆಯಾದವು. ಆದರೆ ಅವು ಅವನು ಹೇಳಿದ ದೈತ್ಯರಲ್ಲ. ನಾಲ್ಕೂ ಭೂಮಿಗಿಂತ ಹಗುರ. ಒಂದಕ್ಕೂ ತನ್ನ ನಕ್ಷತ್ರವನ್ನು ಸುತ್ತಲು ಒಂದು ವಾರ ಬೇಕಾಗಿಲ್ಲ. ಗುರುವನ್ನು ಮನಸ್ಸಿನಲ್ಲಿಟ್ಟುಕೊಂಡು ಹುಡುಕಿದವನಿಗೆ ಅವು ಕಾಣುವಂತೆಯೇ ಇರಲಿಲ್ಲ.